ಹತ್ತಿದಲ್ಲೇ ಇಳಿಯುವ ಹಡಗು

ಸಾನಪಾಡಾದಿಂದ ಮುಂಬಯಿಗೆ ಹೋಗುವ ಹಾರ್ಬರ್ ಲೈನಿನ ಲೋಕಲ್ ಹಡಗಿನವರಿಗೆಂದೇ ಹಾಕಿದ ದಾರಿಯ ಹಾಗಿದೆ. ವಾಶಿ ದಾಟಿದ ಮೇಲೆ ಥಾಣೆ ಖಾಡಿಯ ಸೇತುವೆ. ಮುಂದೆ ಡಾಕ್‌ಯಾರ್ಡ್ ರೋಡ್ ನಿಲ್ದಾಣದಲ್ಲಿ ಇಳಿದರೆ ಭಾವುಚಾ ಧಕ್ಕಾ ಹತ್ತಿರ. ಇಳಿಯದೆ ಕೊನೆಯ ತನಕ, ಸಿಎಸ್‌ಎಂಟಿಗೆ ಹೋದರೆ ಅಲ್ಲಿಂದ ಬಲ್ಲಾರ್ಡ್ ಪಿಯರ್ ಸ್ವಲ್ಪವೇ ದೂರ. ಮೊದಲನೆಯದು ನಮ್ಮ ಕರಾವಳಿಯವರ ಹಳೆಯ ಆಗಬೋಟಿನ ಧಕ್ಕೆ. ಎರಡನೆಯದು ಈಗ ಕ್ರೂಸ್ ಹಡಗುಗಳು ನಿಲ್ಲುವ ಜಾಗ.

ಕಳೆದ ಚಳಿಗಾಲದಲ್ಲಿ ಮಗಳು ನಮ್ಮೆಲ್ಲರಿಗೂ ಮುಂಬಯಿ–ಗೋವಾ–ಮುಂಬಯಿ ಕ್ರೂಸಿನ ಟಿಕೆಟ್ ತೆಗೆದಳು. ಅಪ್ಪಯ್ಯನಿಗೆ 87 ವರ್ಷ. ಹದಿನೈದನೆಯ ವಯಸ್ಸಿಗೆ ಗಂಗೊಳ್ಳಿಯಿಂದ ಸ್ಟೀಮರ್ ಹತ್ತಿ ಮುಂಬಯಿಗೆ ಬಂದವರು. ಟಿಕೆಟನ್ನು ತಿರುಗಿಸಿ ಮುರುಗಿಸಿ ನೋಡಿ, "ಕಡೆಗೆ ಇಳೂದ್ ಎಲ್ಲಿ?" ಎಂದು ಕೇಳಿದರು. "ಇಲ್ಲೇ ಅಪ್ಪಯ್ಯ, ಹತ್ತಿದಲ್ಲೇ" ಎಂದೆ.

"ಹತ್ತಿದಲ್ಲೇ ಇಳೂದಾರೆ ಹಡಗ್ ಎಂತಕ್ ಮಾರಾಯ?"

ಆಗ ನಾವೆಲ್ಲ ನಕ್ಕೆವು. ಆದರೆ ಕ್ರೂಸಿನ ಚರಿತ್ರೆಯನ್ನು ಓದುತ್ತಾ ಹೋದಂತೆ ಅದು ನಗುವ ಪ್ರಶ್ನೆಯಲ್ಲ ಅನಿಸಿತು. ಹಡಗು ಊರಿಗೆ ಹೋಗುವ ದಾರಿಯಾಗಿದ್ದ ಕಾಲದಿಂದ, ಹಡಗೇ ಊರಾಗಿರುವ ಕಾಲಕ್ಕೆ ನಾವು ಹೇಗೆ ಬಂದೆವು ಎನ್ನುವ ಕತೆಯೆಲ್ಲ ಅದರಲ್ಲಿದೆ.

ದಾರಿಯಾಗಿದ್ದ ಸಮುದ್ರ

ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಬೇರೆಯಾಗಿ ಮುಂಬಯಿ ಪ್ರಾಂತಕ್ಕೆ ಸೇರಿತು. ಅಮೆರಿಕದ ಅಂತರ್ಯುದ್ಧದಿಂದಾಗಿ (1861–65) ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬಾರದೆ ಹೋದಾಗ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಬಂತು. ಅದು ಘಟ್ಟ ಇಳಿದು ಕುಮಟೆಗೆ ಬಂದು ಅಲ್ಲಿಂದ ಹಡಗೇರುತ್ತಿತ್ತು. ಹಾಗಾಗಿ ಬೆಳೆದದ್ದು ಬಯಲುಸೀಮೆಯಲ್ಲಾದರೂ ಮುಂಬಯಿ ಪೇಟೆಯಲ್ಲಿ ಆ ಹತ್ತಿಗೆ ‘ಕುಮಟಾ’ ಎಂದೇ ಹೆಸರು.

ಹತ್ತಿ ಹೋದ ದಾರಿಯಲ್ಲೇ ಜನರೂ ಹೋದರು. ಮೊದಲು ಪತ್ತೆಮಾರಿ, ಮಚ್ವೆಗಳಲ್ಲಿ; ಆಮೇಲೆ ಶೆಫರ್ಡ್ ಕಂಪನಿಯ, ಬಾಂಬೆ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಸ್ಟೀಮರುಗಳಲ್ಲಿ. ಕಾರವಾರ, ಕುಮಟಾ, ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಮಲ್ಪೆ, ಮಂಗಳೂರು – ಕರಾವಳಿಯ ಉದ್ದಕ್ಕೂ ಬಂದರುಗಳೇ ಊರುಗಳ ಬಾಗಿಲು. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಒಂದು ಸಂಸ್ಥೆ ಕಟ್ಟುವಷ್ಟು ಜನ ಅಷ್ಟು ಬೇಗ ಅಲ್ಲಿ ಸೇರಿದ್ದರು ಎಂದರೆ ಸಮುದ್ರದ ದಾರಿ ಎಷ್ಟು ಸಲೀಸಾಗಿ ನಡೆಯುತ್ತಿತ್ತು ಎಂದು ಊಹಿಸಬಹುದು.

ಸಲೀಸು ಎಂದದ್ದು ಒಂಬತ್ತು ತಿಂಗಳ ಮಟ್ಟಿಗೆ. ನಮ್ಮ ಹೆಚ್ಚಿನ ಬಂದರುಗಳಲ್ಲಿ ದೊಡ್ಡ ಹಡಗು ದಡಕ್ಕೆ ಬರುತ್ತಿರಲಿಲ್ಲ. ಅಳಿವೆಯ ಆಚೆ, ಆಳದ ನೀರಿನಲ್ಲಿ ಲಂಗರು ಹಾಕುತ್ತಿತ್ತು. ಜನ ದೋಣಿಯಲ್ಲಿ ಹೋಗಿ, ಅಲೆ ಎತ್ತಿದ ಹೊತ್ತು ನೋಡಿ ಏಣಿ ಹಿಡಿಯಬೇಕು. ಮಳೆಗಾಲ ಹಿಡಿದರೆ ದೋಣಿಯೂ ಇಲ್ಲ, ಸ್ಟೀಮರೂ ಇಲ್ಲ. ಅಪ್ಪಯ್ಯ ಮುಂಬಯಿಗೆ ಬಂದ ಕೆಲವು ವರ್ಷಗಳಲ್ಲಿ ಒಂದು ಆಷಾಢದಲ್ಲಿ ಅಜ್ಜಿ ತೀರಿಕೊಂಡ ತಂತಿ ಬಂತು. ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ, ಬಸ್ಸಿನಲ್ಲಿ ಘಟ್ಟ ಇಳಿದು, ಹೊಳೆಗಳನ್ನು ದೋಣಿಯಲ್ಲಿ ದಾಟಿ ಅವರು ಮನೆ ಮುಟ್ಟುವಾಗ ಎಲ್ಲ ಮುಗಿದಿತ್ತು. ‘ಸಮುದ್ರ ಮುಚ್ಚಿತ್ತು’ ಎಂದು ಈಗಲೂ ಹೇಳುತ್ತಾರೆ, ಬಾಗಿಲು ಮುಚ್ಚಿತ್ತು ಎಂದ ಹಾಗೆ.

ಸಮುದ್ರ ತೆರೆದಿದ್ದಾಗಲೂ ಭಯ ಇದ್ದೇ ಇತ್ತು. 1947ರ ಜುಲೈ 17ರಂದು ಭಾವುಚಾ ಧಕ್ಕಾದಿಂದ ರೇವಸಕ್ಕೆ ಹೊರಟ ‘ರಾಮದಾಸ’ ಎಂಬ ಆಗಬೋಟು ಮಗುಚಿ 600ಕ್ಕೂ ಹೆಚ್ಚು ಜನ ಸತ್ತರು. ಮುಂಬಯಿಯ ಎದುರುದಡಕ್ಕೆ ಹೋಗುವ ಸಣ್ಣ ಪ್ರಯಾಣ ಅದು. ಸ್ವಾತಂತ್ರ್ಯಕ್ಕೆ ಇನ್ನು ಒಂದು ತಿಂಗಳೂ ಉಳಿದಿರಲಿಲ್ಲ. ದೊಡ್ಡ ಸುದ್ದಿಗಳ ನಡುವೆ ಈ ಸಾವುಗಳು ಬೇಗ ಮರೆತುಹೋದವು. ಕೊಂಕಣದ ಮನೆಗಳಲ್ಲಿ ಮಾತ್ರ ಮರೆಯಲಿಲ್ಲ.

ರಸ್ತೆಗಳೂ ಸೇತುವೆಗಳೂ ಬಂದಂತೆ ನಮ್ಮ ಬಂದರುಗಳ ಸ್ಟೀಮರುಗಳು ನಿಂತವು. ನಾನು ಚಿಕ್ಕವನಿದ್ದಾಗ, 70ರ ದಶಕದಲ್ಲಿ, ಗೋವಾದ ತನಕ ಮಾತ್ರ ಹಡಗಿತ್ತು. ‘ಕೊಂಕಣ ಸೇವಕ’, ‘ಕೊಂಕಣ ಶಕ್ತಿ’ ಎಂಬ ಹೆಸರುಗಳು ನೆನಪಿವೆ. ಬೆಳಿಗ್ಗೆ ಭಾವುಚಾ ಧಕ್ಕಾದಲ್ಲಿ ಹತ್ತಿ, ಡೆಕ್ಕಿನ ಮೇಲೆ ಜಮಖಾನ ಹಾಸಿ ಜಾಗ ಹಿಡಿದು, ಮಾರನೆಯ ಬೆಳಿಗ್ಗೆ ಪಣಜಿಯಲ್ಲಿ ಇಳಿದರೆ ಅಲ್ಲಿಂದ ಬಸ್ಸು. ಡೆಕ್ಕಿನ ಮನರಂಜನೆ ಎಂದರೆ ಇಸ್ಪೀಟು, ಭಜನೆ, ಯಾರದೋ ಬುತ್ತಿಯ ಚಟ್ನಿಪುಡಿ. 80ರ ದಶಕದ ಕೊನೆಯ ಹೊತ್ತಿಗೆ ಅದೂ ನಿಂತಿತು. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದ ಮೇಲೆ ನಮಗೆ ಸಮುದ್ರದ ಅಗತ್ಯವೇ ಉಳಿಯಲಿಲ್ಲ.

ಊರಾದ ಹಡಗು

ಪ್ರಯಾಣಕ್ಕೆಂದಲ್ಲದೆ ವಿಹಾರಕ್ಕೆಂದೇ ದೊಡ್ಡ ಹಡಗು ಹೊರಡುವ ಪದ್ಧತಿ ಬೇರೂರಿದ್ದು ಒಂದು ವ್ಯಾಪಾರದ ಚಿಂತೆಯಿಂದ. ಹ್ಯಾಂಬರ್ಗಿನ ಹಡಗು ಕಂಪನಿಯ ಆಲ್ಬರ್ಟ್ ಬಾಲಿನ್‌ಗೆ ಚಳಿಗಾಲ ಬಂದರೆ ತಲೆನೋವು. ಆಗ ಅಟ್ಲಾಂಟಿಕ್ ದಾಟುವವರು ಕಡಿಮೆ. ಹಡಗು ಸುಮ್ಮನೆ ನಿಂತರೂ ಖರ್ಚು. 1891ರ ಜನವರಿ 22ರಂದು ಆತ ‘ಆಗುಸ್ಟಾ ವಿಕ್ಟೋರಿಯಾ’ ಹಡಗಿನಲ್ಲಿ 241 ಜನರನ್ನು ಕೂರಿಸಿಕೊಂಡು ಮೆಡಿಟರೇನಿಯನ್ ಕಡೆಗೆ ಹೊರಟ. ಸುಮಾರು ಎರಡು ತಿಂಗಳ ಪ್ರಯಾಣ. ಬಂದರು ಬಂದಲ್ಲೆಲ್ಲ ಇಳಿದು ಸುತ್ತಿ ಬರುವ ಏರ್ಪಾಡನ್ನು ಮೊದಲೇ ಮಾಡಲಾಗಿತ್ತು. ಇಂದಿನ ಶೋರ್ ಎಕ್ಸ್‌ಕರ್ಶನ್‌ನ ಅಜ್ಜ ಅದು.

ಮುಂದೆ 1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದಾಗ ಪ್ರಯಾಣದ ಹಡಗುಗಳ ಕಾಲ ಮುಗಿಯಿತು. ನಮ್ಮಲ್ಲಿ ರಸ್ತೆ, ರೈಲು ಮಾಡಿದ್ದನ್ನು ಅಲ್ಲಿ ವಿಮಾನ ಮಾಡಿತು. 60–70ರ ದಶಕಗಳಲ್ಲಿ ಅಮೆರಿಕದ ಮಯಾಮಿಯಿಂದ ಹೊಸ ರೀತಿಯ ಕಂಪನಿಗಳು ಹೊರಟವು. ಎಲ್ಲಿಗೂ ಮುಟ್ಟಿಸಬೇಕಾಗಿಲ್ಲದ ಹಡಗಿನಲ್ಲಿ ಜನರನ್ನು ಹಿಡಿದಿಡಲು ಹಡಗಿನೊಳಗೇ ಏನಾದರೂ ಇರಬೇಕಲ್ಲ? ಈಜುಕೊಳ, ರಂಗಮಂದಿರ, ಕ್ಯಾಸಿನೋ, ಅಂಗಡಿ ಸಾಲು ಬಂದವು. 2024ರಲ್ಲಿ ಹೊರಟ ‘ಐಕಾನ್ ಆಫ್ ದಿ ಸೀಸ್’ 20 ಅಂತಸ್ತಿನ, ಎರಡೂವರೆ ಲಕ್ಷ ಗ್ರಾಸ್ ಟನ್ನಿಗೆ ಹತ್ತಿರದ ಹಡಗು. ಒಂದು ತಾಲೂಕು ಕೇಂದ್ರದ ದೀಪಾವಳಿ ಪೇಟೆಯನ್ನು ನೀರಿನ ಮೇಲೆ ತೇಲಿಬಿಟ್ಟ ಹಾಗೆ.

ಮಯಾಮಿಯಿಂದ ಮೂರು–ನಾಲ್ಕು ರಾತ್ರಿಯ ಸುತ್ತಿಗೆಂದೇ 1990ರಲ್ಲಿ ಕಟ್ಟಿದ ‘ನಾರ್ಡಿಕ್ ಎಂಪ್ರೆಸ್’ ಎಂಬ ಹಡಗು ಕೈ ಬದಲಾಗಿ 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಕಂಪನಿಯ ‘ಎಂಪ್ರೆಸ್’ ಆಗಿ ಮುಂಬಯಿಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳಿಗೆ ಹೊರಟಿತು. ಸುಮಾರು 48,500 ಗ್ರಾಸ್ ಟನ್, 11 ಡೆಕ್ಕು. ಹೊರಗಿನವರಿಗೆ ಅದು ಮಧ್ಯಮ ಗಾತ್ರ. ಅಪ್ಪಯ್ಯನ ಕಾಲದ ಸ್ಟೀಮರಿನ ಪಕ್ಕದಲ್ಲಿ ಗುಡ್ಡ.

ಇಂಥ ಹಡಗು ಹತ್ತುವವರು ಒಂದು ಲೆಕ್ಕ ತಿಳಿದಿರಬೇಕು. ಟಿಕೆಟ್ಟಿನಲ್ಲಿ ಕೋಣೆ, ಊಟ, ಹೆಚ್ಚಿನ ಪ್ರದರ್ಶನಗಳು ಸೇರಿರುತ್ತವೆ. ಕಂಪನಿಗೆ ಗಿಟ್ಟುವುದು ಬಾರು, ಕ್ಯಾಸಿನೋ, ಸ್ಪಾ, ವಿಶೇಷ ಊಟದ ಮನೆ ಮತ್ತು ದಡದ ಸುತ್ತಾಟದಲ್ಲಿ. ಹಾಗಾಗಿ ಎಲ್ಲವನ್ನೂ ನೋಡಿಯೇ ತೀರಬೇಕೆಂದು ಓಡುವ ಬದಲು ದಿನಕ್ಕೆ ಎರಡು ಆರಿಸಿಕೊಂಡರೆ ಸಾಕು. ಮೊದಲ ದಿನದ ಕಾರ್ಯಕ್ರಮಪಟ್ಟಿ ಕೈಗೆ ಬಂದಾಗಲೇ ರಂಗಮಂದಿರದ ಆಟದ ಹೊತ್ತು ಗುರುತಿಸಿಟ್ಟುಕೊಳ್ಳಿ. ಎಲ್ಲರೂ ಊಟಕ್ಕೆ ಕೂತಾಗ ಈಜುಕೊಳ ಖಾಲಿ. ಬೆಳಗಿನ ಡೆಕ್ಕು ಇಡೀ ನಿಮ್ಮದೇ.

ತಪ್ಪಿಸಿಕೊಳ್ಳಬಾರದ್ದು ಒಂದಿದೆ: ಸುರಕ್ಷತೆಯ ಕವಾಯತು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ ಸಮುದ್ರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವಾಯಿತು. 2012ರಲ್ಲಿ ಇಟಲಿಯ ದಡದಲ್ಲಿ ಕೋಸ್ಟಾ ಕಾಂಕೋರ್ಡಿಯಾ ಮಗುಚಿ 32 ಜನ ಸತ್ತರು. ಆಮೇಲೆ ಹಡಗು ಹೊರಡುವ ಮೊದಲು ಇಲ್ಲವೇ ಹೊರಟ ಕೂಡಲೇ ಈ ಕವಾಯತು ಆಗಲೇಬೇಕೆಂಬ ನಿಯಮ ಬಂತು. ನಮ್ಮ ಹಡಗಿನಲ್ಲಿ ಹೆಚ್ಚಿನವರು ಆ ಹೊತ್ತಿನಲ್ಲಿ ಮೊಬೈಲು ನೋಡುತ್ತಿದ್ದರು. ಅಪ್ಪಯ್ಯ ಮಾತ್ರ ಮೇಲೆ ತೂಗುಹಾಕಿದ್ದ ಜೀವರಕ್ಷಕ ದೋಣಿಗಳನ್ನು ಒಂದೊಂದಾಗಿ ಎಣಿಸಿದರು.

ಎಂಟು ಗಂಟೆಯ ಊರು

ದಡದ ಸುತ್ತಾಟ ಆರಿಸುವುದು ಹೇಗೆ? ಇದಕ್ಕೆ ಉತ್ತರ ಬೇಕಿದ್ದರೆ ನಮ್ಮದೇ ಊರಿಗೆ ಬರುವ ವಿದೇಶಿ ಪ್ರವಾಸಿಗಳ ಜಾಗದಲ್ಲಿ ನಿಂತು ನೋಡಬೇಕು. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಚಳಿಗಾಲದಲ್ಲಿ ಅಲ್ಲಿಗೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಬೆಳಿಗ್ಗೆ ಬಂದು ಸಂಜೆ ಹೊರಡುವ ಹಡಗು. ಇಳಿದವರಿಗೆ ಸಿಗುವುದು ಸುಮಾರು ಎಂಟು ಗಂಟೆ.

ಕದ್ರಿ ದೇವಸ್ಥಾನ, ಕುದ್ರೋಳಿ, ಆಂಟೊನಿಯೊ ಮೊಸ್ಕೇನಿ ಚಿತ್ರ ಬಿಡಿಸಿದ ಸಂತ ಅಲೋಶಿಯಸ್ ಚಾಪೆಲ್, ಗೇರುಬೀಜದ ಕಾರ್ಖಾನೆ, ಮಾರುಕಟ್ಟೆ – ಇವೆಲ್ಲ ಪೇಟೆಯೊಳಗಿನ ಸುತ್ತು. ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ದೂರದ ಸುತ್ತು. ಎಲ್ಲವನ್ನೂ ಒಂದೇ ದಿನದಲ್ಲಿ ತುರುಕಿದರೆ ಬಸ್ಸಿನ ಕಿಟಕಿಯೇ ಹೆಚ್ಚು ನೆನಪಿರುತ್ತದೆ. ನನ್ನನ್ನು ಕೇಳಿದರೆ ಒಂದನ್ನು ಆರಿಸಿ ಎನ್ನುತ್ತೇನೆ; ಅದೂ ಆ ಊರು ಯಾಕೆ ಬಂದರಾಯಿತು ಎಂದು ಹೇಳುವಂಥದ್ದನ್ನು. ಸಮುದ್ರದಿಂದ ಅಷ್ಟು ಒಳಗಿರುವ ಮೂಡುಬಿದಿರೆಯ ಬಸದಿಯ ಭೈರಾದೇವಿ ಮಂಟಪದ ಅಡಿಗಟ್ಟಿನಲ್ಲಿ ಜಿರಾಫೆಯೂ ಚೀನಾದ ಡ್ರ್ಯಾಗನ್ನೂ ಇವೆ. ನಮ್ಮ ಶಿಲ್ಪಿ ಕಾಡಿನಲ್ಲಿ ಕಂಡ ಪ್ರಾಣಿಗಳಲ್ಲ ಅವು. ಹಡಗಿನ ಮೇಲೆ ಬಂದ ಸುದ್ದಿಗಳು. ಅಷ್ಟು ದೂರ ಬೇಡವೆಂದರೆ ಮಂಗಳೂರಿನ ಹಳೆ ಬಂದರಿಗೆ ಹೋಗಬಹುದು. ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮಂಜಿಗಳು ಅಲ್ಲಿಂದ ಹೊರಡುತ್ತವೆ.

ಇನ್ನು ವ್ಯವಹಾರದ ಮಾತು. ಹಡಗಿನವರೇ ಮಾರುವ ಸುತ್ತಾಟಕ್ಕೆ ದುಡ್ಡು ಹೆಚ್ಚು. ಆದರೆ ಆ ಬಸ್ಸು ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ನೀವೇ ಟ್ಯಾಕ್ಸಿ ಮಾಡಿಕೊಂಡು ಹೋದರೆ ಖರ್ಚು ಕಡಿಮೆ, ಸ್ವಾತಂತ್ರ್ಯ ಹೆಚ್ಚು. ತಡವಾದರೆ ಹಡಗು ನಿಮ್ಮನ್ನು ಬಿಟ್ಟು ಹೋಗುತ್ತದೆ. ದೂರದ ಜಾಗಕ್ಕೆ ಹಡಗಿನವರ ಬಸ್ಸು, ಹತ್ತಿರದ ಜಾಗಕ್ಕೆ ನಿಮ್ಮದೇ ಏರ್ಪಾಡು – ಇದು ಸುಲಭದ ಸೂತ್ರ. ಲಕ್ಷದ್ವೀಪದಂಥ ಕಡೆ ದೊಡ್ಡ ಹಡಗು ದೂರವೇ ನಿಂತು ಸಣ್ಣ ದೋಣಿಯಲ್ಲಿ ಇಳಿಸುತ್ತಾರೆ. ಅಲೆ ಜೋರಿದ್ದರೆ ಇಳಿಯುವುದೇ ರದ್ದಾಗಬಹುದು. ಗಂಗೊಳ್ಳಿಯ ಅಳಿವೆಯಲ್ಲಿ ದೋಣಿ ಹತ್ತಿದವರಿಗೆ ಇದೇನೂ ಹೊಸದಲ್ಲ.

ಪಣಜಿಯಲ್ಲಿ ಅರ್ಧ ದಿನ

ನಮ್ಮ ಹಡಗು ಗೋವಾದ ಮುರಗಾಂವ್ ಬಂದರಿಗೆ ತಾಗಿತು. ಹಳೆ ಗೋವಾದ ಚರ್ಚುಗಳು, ಮಸಾಲೆ ತೋಟ, ಬೀಚು ಎಂದು ಪಟ್ಟಿ ಕೊಟ್ಟರು. ಮಗಳೂ ಅಳಿಯನೂ ಬೀಚು ಆರಿಸಿದರು. ಅಪ್ಪಯ್ಯ ಪಟ್ಟಿ ನೋಡಲೇ ಇಲ್ಲ. "ಪಣಜಿ ಧಕ್ಕೆ ಕಾಂಬ" ಎಂದರು.

ಟ್ಯಾಕ್ಸಿ ಮಾಡಿದೆವು. ಮಾಂಡವಿ ನದಿಯಲ್ಲಿ ಈಗ ಕ್ಯಾಸಿನೋ ಹಡಗುಗಳು ಲಂಗರು ಹಾಕಿ ನಿಂತಿವೆ. ಅವೂ ಎಲ್ಲಿಗೂ ಹೋಗುವುದಿಲ್ಲ. ಅಪ್ಪಯ್ಯ ಕೋಲೂರಿ ನದಿಬದಿಯಲ್ಲಿ ತುಂಬಾ ಹೊತ್ತು ನಿಂತರು. ಸ್ಟೀಮರ್ ಎಲ್ಲಿ ನಿಲ್ಲುತ್ತಿತ್ತು, ಹಮಾಲರು ಯಾವ ಕಡೆಯಿಂದ ಓಡಿಬರುತ್ತಿದ್ದರು, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಸ್ಸಿಗೆ ಓಡಿದ್ದು ಎಲ್ಲಿ – ಒಂದೊಂದನ್ನೇ ಕೋಲಿನಲ್ಲಿ ತೋರಿಸಿದರು. ಡ್ರೈವರ್ ಜೊತೆ ಕೊಂಕಣಿಯಲ್ಲಿ ಮಾತಾಡಿದರು. ಹೋಟೆಲಿನಲ್ಲಿ ಬನ್ಸ್ ತಿಂದು ಚಾ ಕುಡಿದೆವು. ನಾನು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದೆ. ಹೊರಡುವ ಹೊತ್ತಿಗಿಂತ ಒಂದೂವರೆ ಗಂಟೆ ಮೊದಲೇ ಹಡಗಿನಲ್ಲಿದ್ದೆವು.

ಅಂದು ರಾತ್ರಿ ರಂಗಮಂದಿರದಲ್ಲಿ ಜಾದೂ ಪ್ರದರ್ಶನವಿತ್ತು. ಚೆನ್ನಾಗಿತ್ತು, ಅಪ್ಪಯ್ಯ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು. ಆಮೇಲೆ ಡೆಕ್ಕಿಗೆ ಬಂದು ಕುರ್ಚಿ ಎಳೆದು ಕತ್ತಲೆಯ ಕಡೆ ಮುಖ ಮಾಡಿ ಕೂತರು. ದೂರದಲ್ಲಿ ಯಾವುದೋ ಊರಿನ ಒಂದು ದೀಪ ಕಾಣುತ್ತಿತ್ತು.

"ಈ ಹಡಗ್ ಕೊಚ್ಚಿಗೂ ಹೋತ್ತಾ?"

"ಹೋಗ್ತದೆ ಅಪ್ಪಯ್ಯ."

"ನಮ್ಮೂರ ಎದುರಂಗೇ ಹೋತ್ತ್ ಅಲ್ದಾ? ಗಂಗೊಳ್ಳಿಯಂಗೆ ನಿಲ್ಸತ್ರಾ?"

"ಇಲ್ಲ, ನಿಲ್ಲಿಸೋದಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾರೆ ಬ್ಯಾಡ. ಮುಂದಿನ ತಿಂಗ್ಳ್ ಮತ್ಸ್ಯಗಂಧಕ್ಕೆ ಟಿಕೆಟ್ ಮಾಡ್" ಎಂದರು.

ಮಾಡಿದೆ. ಪನವೇಲಿನಿಂದ ಕುಂದಾಪುರಕ್ಕೆ, ಎರಡು ಲೋವರ್ ಬರ್ತು.