ತಟ್ಟೆಯೇರಿದ ಗದ್ದಲ

1902ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ, ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಕನು ಇರಿಸಿದ್ದ ಕಹಳೆಯ ಬಾಯಿಗೆ ಮುಖವೊಡ್ಡಿ ಗೌಹರ್ ಜಾನ್ ಹಾಡಿದಾಗ, ವಿದ್ಯುತ್ತಿನ ಸಹಾಯ ಲೇಶವೂ ಇಲ್ಲದೆ, ಆಕೆಯ ಕಂಠದ ಕಂಪನವೊಂದೇ ಸೂಜಿಯನ್ನು ಅಲುಗಿಸಿ ತಿರುಗುವ ಮೇಣದ ತಟ್ಟೆಯ ಮೇಲೆ ಗೆರೆಯನ್ನು ಕೊರೆಯಬೇಕಾಗಿತ್ತು. ತೀರ ಮೆಲ್ಲನೆ ಹಾಡಿದರೆ ಗೆರೆ ಮೂಡದು. ತಾರಸ್ಥಾಯಿಯಲ್ಲಿ ಎದೆತುಂಬಿ ಕೂಗಿದರೆ ಸ್ವರವು ಬಿರಿದುಹೋಗುವುದು. ಆದುದರಿಂದ ಆ ಕಾಲದ ಗಾಯಕರು ಮೆಲುದನಿಗೆ ಕಹಳೆಯತ್ತ ಬಾಗಿ, ಗಟ್ಟಿದನಿಗೆ ಹಿಂದಕ್ಕೆ ಸರಿದು, ತಮ್ಮ ಏರಿಳಿತಗಳನ್ನು ತಾವೇ ಅಡಗಿಸಿಕೊಳ್ಳುತ್ತಿದ್ದರು. ಹಾಡು ಮುಗಿದೊಡನೆ ಗೌಹರ್ ಜಾನ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರುತ್ತಿದ್ದರು. ದೂರದ ಹ್ಯಾನೋವರಿನಲ್ಲಿ ತಟ್ಟೆಯನ್ನು ಅಚ್ಚುಹಾಕುವವರಿಗೆ ಅದು ಯಾರ ಹಾಡೆಂಬುದು ತಿಳಿಯಬೇಕಲ್ಲ! ಕೊನೆಗಾಲದಲ್ಲಿ ಮೈಸೂರು ಅರಸರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ದೇಹವಿಟ್ಟ ಆ ಮಹಾಗಾಯಕಿಗೆ ಯಂತ್ರವು ದಯಪಾಲಿಸಿದ ಅವಕಾಶ ಅಷ್ಟೇ: ಸುಮಾರು ಮೂರು ನಿಮಿಷದ ಕಾಲ, ಅಂಗೈಯಗಲದ ಏರಿಳಿತ.

ಆಮೇಲಿನ ಎಂಬತ್ತು ವರ್ಷಗಳ ಧ್ವನಿಮುದ್ರಣದ ಇತಿಹಾಸವು, ಒಂದರ್ಥದಲ್ಲಿ, ಮೆಲುದನಿಗೂ ಗಟ್ಟಿದನಿಗೂ ನಡುವಣ ಈ ಎಡೆಯನ್ನು ಹಿಗ್ಗಿಸುತ್ತ ಬಂದ ಇತಿಹಾಸವೇ ಆಗಿದೆ. 1925ರಲ್ಲಿ ಮೈಕ್ರೊಫೋನು ಬಂದಿತು. 1948ರಲ್ಲಿ ಕೊಲಂಬಿಯಾ ಸಂಸ್ಥೆಯ ಲಾಂಗ್‌ಪ್ಲೇ ತಟ್ಟೆ ಬಂದು, ಸಿಂಫೊನಿಯ ದೀರ್ಘ ಭಾಗಗಳು ಮುರಿಯದೆ ಕೇಳಿಬಂದವು. ಹೀಗೆ ಬಹುಜನರ ಪರಿಶ್ರಮದಿಂದ ಹಿಗ್ಗಿದುದನ್ನು ಮನುಷ್ಯನು ತಾನಾಗಿಯೇ, ಬೇಕೆಂದೇ, ಹೇಗೆ ಮರಳಿ ಕುಗ್ಗಿಸಿದನೆಂಬುದು ಇನ್ನೂ ವಿಚಿತ್ರವಾದ ಕಥೆ.

ಗಟ್ಟಿಯಾಗಿ ಕೇಳಿಸಬೇಕೆಂಬ ಹಂಬಲವು ಹೊಸದೇನೂ ಅಲ್ಲ. ಅಮೆರಿಕದ ಹೋಟೆಲುಗಳಲ್ಲಿ ನಾಣ್ಯ ಹಾಕಿದರೆ ಹಾಡುವ ಜ್ಯೂಕ್‌ಬಾಕ್ಸ್ ಪೆಟ್ಟಿಗೆಗಳಿದ್ದವು. ಪೆಟ್ಟಿಗೆಯ ಧ್ವನಿಯ ಮಟ್ಟವನ್ನು ಮಾಲೀಕನು ಒಮ್ಮೆ ತಿರುಗಿಸಿಟ್ಟನೆಂದರೆ ಎಲ್ಲ ತಟ್ಟೆಗಳಿಗೂ ಅದೇ ಮಟ್ಟ. ಹೀಗಿರುವಲ್ಲಿ, ನೆರೆಯ ತಟ್ಟೆಗಿಂತ ಗಟ್ಟಿಯಾಗಿ ಕೊರೆದ ತಟ್ಟೆಯೇ ಗಿರಾಕಿಯ ಕಿವಿಯನ್ನು ಹಿಡಿಯುವುದು. ಡೆಟ್ರಾಯಿಟಿನ ಮೋಟೌನ್ ಸಂಸ್ಥೆಯ ತಟ್ಟೆಗಳು 1960ರ ದಶಕದಲ್ಲಿ ಈ ಗುಣಕ್ಕೆ ಹೆಸರಾದವು. ಲಂಡನ್ನಿನಲ್ಲಿ ಬೀಟಲ್ಸ್ ತರುಣರು ತಮ್ಮ ತಟ್ಟೆಗಳೇಕೆ ಅಮೆರಿಕದವರಂತೆ ಮೊಳಗುವುದಿಲ್ಲವೆಂದು ತಂತ್ರಜ್ಞರನ್ನು ಕಾಡಿದರು.

ಆದರೆ ತಟ್ಟೆಯೆಂಬ ಪದಾರ್ಥಕ್ಕೆ ತನ್ನದೇ ಆದ ಧರ್ಮವೊಂದಿತ್ತು. ಗೆರೆ ಕೊರೆಯುವ ಯಂತ್ರದ ಮುಂದೆ ಕುಳಿತವನ ಕಣ್ಣು ಸೂಕ್ಷ್ಮದರ್ಶಕದಲ್ಲಿ ನೆಟ್ಟಿರುತ್ತಿತ್ತು: ಅರಗಿನಂತೆ ನುಣುಪಾಗಿ ಹೊಳೆಯುವ ಕಪ್ಪು ಮೈಯ ಮೇಲೆ ಕೂದಲೆಳೆಯಂತಹ ಗೆರೆಗಳು ಒಂದರ ಪಕ್ಕದಲ್ಲೊಂದು ಸುತ್ತುತ್ತ ಹೋಗುವುವು, ಮೆಲುದನಿಯಲ್ಲಿ ಗೆರೆ ನೆಟ್ಟಗೆ ಸಾಗುವುದು, ದನಿ ಏರಿದಂತೆ ಹಾವಿನಂತೆ ಅತ್ತಿತ್ತ ಹೊರಳುವುದು. ಹೊರಳಾಟ ಮಿತಿಮೀರಿದರೆ ಪಕ್ಕದ ಗೆರೆಯನ್ನು ಹಾಯುವುದು. ತಗ್ಗುಸ್ವರದ ವಾದ್ಯವನ್ನು ಅತಿಯಾಗಿ ಎತ್ತಿದರೆ ಮನೆಯಲ್ಲಿ ಕೇಳುವವನ ಸೂಜಿ ಗೆರೆಯಿಂದ ಹೊರಕ್ಕೆ ಹಾರುವುದು. 1966ರಲ್ಲಿ ಬೀಟಲ್ಸರ 'ಪೇಪರ್‌ಬ್ಯಾಕ್ ರೈಟರ್' ಹಾಡಿನ ತಗ್ಗುಸ್ವರವನ್ನು ಎತ್ತಿ ಕೊರೆಯುವಾಗ ಇ.ಎಂ.ಐ. ಸಂಸ್ಥೆಯವರನ್ನು ಕಾಡಿದ ಭಯವೂ ಇದೇ. ಮೇಲಾಗಿ, ಗಟ್ಟಿಯ ಗೆರೆಗೆ ಹೆಚ್ಚು ಜಾಗ ಬೇಕಾದುದರಿಂದ, ಗಟ್ಟಿತನ ಬೇಕೆಂದವನು ಕಾಲವನ್ನು ಬಿಟ್ಟುಕೊಡಬೇಕಾಗಿತ್ತು. ತಟ್ಟೆಯೆಂಬ ಆ ಕಠಿಣ ಗುರುವಿನ ಬೆತ್ತದ ಅಂಕೆಯಲ್ಲಿಯೇ ಸಂಗೀತವು ಅಷ್ಟುಕಾಲ ಮರ್ಯಾದೆಯಿಂದ ಬಾಳಿತೆಂದು ನನ್ನ ಎಣಿಕೆ.

1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಸೋನಿ ಸಂಸ್ಥೆಯ ಮೊದಲ ಸಿ.ಡಿ. ಯಂತ್ರವು ಮಾರಾಟಕ್ಕೆ ಬಂದಾಗ ಗುರುವು ಬೆತ್ತವನ್ನು ಕೆಳಗಿಟ್ಟು ನಡೆದನು. ಇಲ್ಲಿ ಗೆರೆಯಿಲ್ಲ, ಸೂಜಿಯಿಲ್ಲ, ಅಂಕಿಗಳು ಮಾತ್ರ. ಅತಿ ಸೂಕ್ಷ್ಮ ದನಿಗೂ ಅತಿ ಘೋರ ದನಿಗೂ ನಡುವೆ ಸುಮಾರು 96 ಡೆಸಿಬೆಲ್‌ಗಳ ವಿಶಾಲವಾದ ಬಯಲು ದೊರೆಯಿತು. ಮೊದಲ ಕೆಲವು ವರ್ಷ ತಂತ್ರಜ್ಞರು ಮೇಲ್ಭಾಗದಲ್ಲಿ ಧಾರಾಳವಾಗಿ ಎಡೆ ಬಿಟ್ಟು, ಈ ಐಶ್ವರ್ಯವನ್ನು ವಿವೇಕದಿಂದಲೇ ವ್ಯಯಿಸಿದರು. ಆದರೆ ಈ ಬಯಲಿಗೆ ಕಲ್ಲಿನ ಛಾವಣಿಯೊಂದಿತ್ತು: ಗರಿಷ್ಠ ಅಂಕಿಯನ್ನು ಮುಟ್ಟಿದ ಮೇಲೆ ಅದಕ್ಕೆ ಮಿಗಿಲಾದ ಅಂಕಿಯೇ ಇಲ್ಲ. ದನಿಯ ಶಿಖರವು ಮುಂದೆ ಏರಲಾರದೆಂದಾಗ, ಇನ್ನೂ ಗಟ್ಟಿತನ ಬೇಕೆಂದವರಿಗೆ ಉಳಿದುದು ಒಂದೇ ದಾರಿ. ಶಿಖರವನ್ನು ಕತ್ತರಿಸಿ ಕಣಿವೆಯನ್ನು ಮೇಲೆತ್ತುವುದು. 1994ರಲ್ಲಿ ಬಂದ ವೇವ್ಸ್ ಸಂಸ್ಥೆಯ ಎಲ್‌1 ಎಂಬ ಲಿಮಿಟರ್, ಬರಲಿರುವ ಶಿಖರವನ್ನು ಅರೆಕ್ಷಣ ಮೊದಲೇ ಕಂಡು ಅದನ್ನು ಸದ್ದಿಲ್ಲದೆ ತರಿದುಹಾಕುವ ಚಾತುರ್ಯವನ್ನು ಕಂಪ್ಯೂಟರಿದ್ದವರಿಗೆಲ್ಲ ಒದಗಿಸಿಕೊಟ್ಟಿತು.

ಇದರಿಂದ ಕೆಡುವುದಾದರೂ ಏನೆಂದು ಕೇಳುವವರುಂಟು. ಮೃದಂಗವನ್ನೇ ನೆನೆಯಿರಿ. ಬೆರಳು ಚರ್ಮವನ್ನು ತಾಕಿದ ಮೊದಲ ಕ್ಷಣದ ಪೆಟ್ಟು, ಅನಂತರದ ಗುಂಜನಕ್ಕಿಂತ ಎಷ್ಟೋ ಪಾಲು ಎತ್ತರವಾದುದು. ಆ ಪೆಟ್ಟನ್ನು ತರಿದು ಗುಂಜನವನ್ನು ಅದರ ಸಮಕ್ಕೆ ತಂದರೆ ಉಳಿಯುವುದು ನಾದವಲ್ಲ, ಚಾಪೆಯನ್ನು ಬಡಿದ ಸದ್ದು. ಹಾಗೆಂದು ದನಿಯನ್ನು ಅದುಮುವ ಯಂತ್ರವೇ ಪಾಪಿಯಲ್ಲ. ಬೀಟಲ್ಸರ ಸೊಗಸಿನಲ್ಲಿಯೂ ಅದರ ಕೈಯುಂಟು, ಓಡುವ ಬಸ್ಸಿನಲ್ಲಿ ಹಾಡು ಕೇಳುವ ನನಗೂ ಅದರಿಂದ ಉಪಕಾರವುಂಟು. ದೋಷವಿರುವುದು ಕಿವಿಯ ದೌರ್ಬಲ್ಯವನ್ನು ವ್ಯಾಪಾರಕ್ಕಿಟ್ಟುದರಲ್ಲಿ. ಧ್ವನಿಯು ಕೊಂಚ ಗಟ್ಟಿಯಾದರೆ ಅದರ ತಗ್ಗುಸ್ವರವೂ ಏರುಸ್ವರವೂ ಹೆಚ್ಚು ತುಂಬಿದಂತೆ ತೋರುವುವೆಂಬುದನ್ನು ಬೆಲ್ ಪ್ರಯೋಗಶಾಲೆಯ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದ್ದರು. ಎರಡು ಮುದ್ರಿಕೆಗಳನ್ನು ಅರೆನಿಮಿಷ ಹೋಲಿಸುವವನು ಗಟ್ಟಿಯಾದುದನ್ನೇ ಮೆಚ್ಚುವನು; ಗಂಟೆಹೊತ್ತು ಕೇಳಿದವನು ಮಾತ್ರ, ಏಕೆಂದು ಅರಿಯದೆ, ಆಯಾಸಗೊಂಡು ಯಂತ್ರವನ್ನು ನಿಲ್ಲಿಸುವನು.

ಮುಂದಿನ ಕಥೆಯನ್ನು ಬೇಗನೆ ಹೇಳಿಬಿಡಬಹುದು. 1995ರಲ್ಲಿ ಒಯಾಸಿಸ್ ವೃಂದದ ಮುದ್ರಿಕೆ, 1999ರಲ್ಲಿ 'ಕ್ಯಾಲಿಫೋರ್ನಿಕೇಶನ್' ಎಂಬ ಮುದ್ರಿಕೆ, ಹೀಗೆ ಗಟ್ಟಿತನದಲ್ಲಿ ಒಬ್ಬರನ್ನೊಬ್ಬರು ಮೀರಿಸುತ್ತ ಬಂದು, 2008ರ ಸೆಪ್ಟೆಂಬರಿನಲ್ಲಿ ಮೆಟಾಲಿಕಾ ವೃಂದದ 'ಡೆತ್ ಮ್ಯಾಗ್ನೆಟಿಕ್' ಹೊರಬಂದಾಗ ನಾದದ ಅಲೆಗಳ ನೆತ್ತಿಗಳು ಕುಡುಗೋಲಿನಿಂದ ಸವರಿದಂತಾಗಿದ್ದುವು. ತಮಾಷೆಯೆಂದರೆ, ಅದೇ ಹಾಡುಗಳು 'ಗಿಟಾರ್ ಹೀರೋ' ಎಂಬ ಹುಡುಗರ ವಿಡಿಯೋ ಆಟಕ್ಕೆಂದು ಈ ಸಂಸ್ಕಾರಕ್ಕೆ ಒಳಗಾಗದೆ ಹೋಗಿದ್ದುವು. ಆಟದಲ್ಲಿ ಕೇಳಿದ ಹಾಡೇ ಅಂಗಡಿಯಲ್ಲಿ ಕೊಂಡ ಹಾಡಿಗಿಂತ ಇಂಪಾಗಿರುವುದನ್ನು ಕಂಡ ಸಹಸ್ರಾರು ಅಭಿಮಾನಿಗಳು ಮತ್ತೆ ಮುದ್ರಿಸಿಕೊಡಿರೆಂದು ಮನವಿಗೆ ಸಹಿಹಾಕಿದರು. ಅಚ್ಚಿಗೆ ಹೋಗುವ ಮುನ್ನ ಹಾಡುಗಳಿಗೆ ಕೊನೆಯ ಹದ ಕೊಡುವ ಮಾಸ್ಟರಿಂಗ್ ಕೆಲಸವನ್ನು ಮಾಡಿದ ಟೆಡ್ ಜೆನ್ಸನ್ನರೇ, ತಮ್ಮ ಕೈಸೇರುವ ಮೊದಲೇ ಹಾಡುಗಳು ಜಜ್ಜಿಹೋಗಿದ್ದುವೆಂದು ಅಲವತ್ತುಕೊಂಡರು. ಅದೇ ವರ್ಷ ಬಾಬ್ ಲಡ್ವಿಗ್ ಎಂಬ ಹಿರಿಯ ತಂತ್ರಜ್ಞನು 'ಚೈನೀಸ್ ಡೆಮಾಕ್ರಸಿ' ಎಂಬ ಮುದ್ರಿಕೆಗೆ ಮೂರು ಬಗೆಯ ಪ್ರತಿಗಳನ್ನು ಸಿದ್ಧಪಡಿಸಿ ಒಪ್ಪಿಸಿದಾಗ, ಏರಿಳಿತವು ಅತಿ ಹೆಚ್ಚಾಗಿದ್ದ ಪ್ರತಿಯನ್ನೇ ಅದರ ನಿರ್ಮಾಪಕರು ಆರಿಸಿಕೊಂಡರೆಂಬುದು ಸಮಾಧಾನದ ಸಂಗತಿ.

ಸ್ಪರ್ಧೆಯನ್ನು ನಿಲ್ಲಿಸಿದುದು ರಸಿಕತೆಯಲ್ಲ, ಗಣಿತ. ಧ್ವನಿಯ ಗಟ್ಟಿತನವನ್ನು ಕಿವಿಗೆ ತೋರುವಂತೆಯೇ ಅಳೆಯುವ ಅಂತರರಾಷ್ಟ್ರೀಯ ಮಾನವೊಂದು 2006ರಲ್ಲಿ ನಿಗದಿಯಾಯಿತು. ಈಗ ಸ್ಪಾಟಿಫೈ ಮೊದಲಾದ ಸೇವೆಗಳು ಎಲ್ಲ ಹಾಡುಗಳನ್ನೂ ಅಳೆದು, ಗಟ್ಟಿಯಾದುದನ್ನು ತಾವೇ ತಗ್ಗಿಸಿ ಒಂದೇ ಮಟ್ಟಕ್ಕೆ ತರುತ್ತವೆ. ಆದರೆ ತರಿದ ಶಿಖರವು ತಗ್ಗಿಸಿದ ಮಾತ್ರಕ್ಕೆ ಮರಳಿ ಚಿಗುರದು. ಆದಕಾರಣ, 1980ರ ದಶಕದ ಸಿ.ಡಿ.ಗಳೋ ಹಳೆಯ ತಟ್ಟೆಗಳೋ ಮನೆಯಲ್ಲಿದ್ದವರು, 'ರೀಮಾಸ್ಟರ್ಡ್' ಎಂಬ ಹೊಸ ಪ್ರತಿ ಬಂದಿತೆಂದು ಅವನ್ನು ಗುಜರಿಯವನಿಗೆ ಕೊಡುವ ಮುನ್ನ, ಎರಡನ್ನೂ ಒಂದೇ ಮಟ್ಟಕ್ಕೆ ತಂದು ಒಮ್ಮೆ ಕೇಳಿನೋಡಬೇಕಾಗಿ ಪ್ರಾರ್ಥನೆ.