ಕಾಸಿದ ಬಿದಿರು, ಸುಟ್ಟ ಬಿದಿರು

ಬೆಂಗಳೂರಿನ ಬಿ.ಟಿ.ಎಂ. ಬಡಾವಣೆಯಿಂದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರು ದೂರದಲ್ಲಿರುವ ಬೇಗೂರು ಗಂಗರ ಕಾಲದ ವೀರಗಲ್ಲುಗಳಿಂದ ಪ್ರಸಿದ್ಧವಾದ ಊರು. ಗಂಗ ದೊರೆ ಎರೆಯಪ್ಪನು ಅಯ್ಯಪದೇವನ ನೆರವಿಗೆ ಕಳುಹಿಸಿದ ನಾಗತ್ತರನು ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೇನೆಯೊಡನೆ ಕಾದಿ ಮಡಿದುದನ್ನು ಅಲ್ಲಿಯ ಒಂದು ಶಾಸನ ಹೇಳುತ್ತದೆ. ಬೆಂಗಳೂರಿನ ಕಾಳಗವನ್ನು ಇನ್ನೊಂದು ಹೆಸರಿಸುತ್ತದೆ. ಮಡಿದವರ ಹೆಸರು, ದೊರೆಯ ಹೆಸರು, ದತ್ತಿಯಾಗಿ ಬಿಟ್ಟ ಹಳ್ಳಿಗಳ ಹೆಸರು ಕಲ್ಲಿನಲ್ಲಿ ಉಳಿದವು. ಆದರೆ ಆ ಕಾಲದ ಬಿಲ್ಲಾಳುಗಳ ಬಿಲ್ಲು ಎಂತಹ ಬಿದಿರಿನದು, ಅದನ್ನು ಯಾರು, ಯಾವ ಕೆಂಡದ ಮೇಲೆ ಹದಗೊಳಿಸಿದರು ಎಂಬುದು ಕಲ್ಲಿಗೆ ಸಲ್ಲುವ ವಿಷಯವಾಗಲಿಲ್ಲ. ಬಿದಿರೂ ಕಲ್ಲಿನಂತೆ ಬಾಳುವ ವಸ್ತುವಲ್ಲ. ಆದುದರಿಂದ ಈ ಕುಶಲವಿದ್ಯೆಯ ಚರಿತ್ರೆಯನ್ನು ಶಾಸ್ತ್ರಗ್ರಂಥಗಳ ಒಂದೆರಡು ಮಾತುಗಳಿಂದಲೇ ಊಹಿಸಿಕೊಳ್ಳಬೇಕಾಗಿದೆ.

ಕೌಟಿಲ್ಯನ ಅರ್ಥಶಾಸ್ತ್ರವು ಆಯುಧಾಗಾರದ ಅಧ್ಯಾಯದಲ್ಲಿ ತಾಳೆ, ಬಿದಿರು, ಮರ, ಕೊಂಬು ಎಂಬ ನಾಲ್ಕು ದ್ರವ್ಯಗಳ ಬಿಲ್ಲುಗಳನ್ನು ಎಣಿಸುತ್ತದೆ. ಅಗ್ನಿಪುರಾಣದ ಧನುರ್ವೇದ ಭಾಗವು ಶರತ್ಕಾಲದಲ್ಲಿ ಕಡಿದ ಬಿದಿರಿನ ಬಿಲ್ಲನ್ನು ಶ್ರೇಷ್ಠವೆನ್ನುತ್ತದೆ. ನಮ್ಮ ವಿಷಯಕ್ಕೆ ಇವೆರಡಕ್ಕಿಂತ ಮುಖ್ಯವಾದುದು ವಸಿಷ್ಠನ ಹೆಸರಿನಲ್ಲಿ ಪ್ರಚಲಿತವಾಗಿರುವ ಧನುರ್ವೇದಸಂಹಿತೆ. ಅದು ಬಿಲ್ಲಿಗೆ ಮೂರು, ಐದು, ಏಳು, ಒಂಬತ್ತು ಗೆಣ್ಣುಗಳು ಇರಬಹುದೆಂದೂ ನಾಲ್ಕು, ಆರು, ಎಂಟು ಕೂಡದೆಂದೂ ವಿಧಿಸುತ್ತದೆ. ಇದು ಶಕುನದ ಮಾತೆಂದು ಕಂಡರೂ ಇದರಲ್ಲಿ ಲೆಕ್ಕವಿದೆ: ಗೆಣ್ಣುಗಳ ಸಂಖ್ಯೆ ಬೆಸವಾಗಿದ್ದರೆ ನಡುವಿನ ಗೆಣ್ಣು ಹಿಡಿಯ ಬಳಿ ನಿಲ್ಲುತ್ತದೆ, ಎರಡು ತೋಳುಗಳಿಗೂ ಸಮನಾದ ಗೆಣ್ಣುಗಳು ಹಂಚಿಹೋಗಿ ಬಾಗು ಸಮನಾಗುತ್ತದೆ.

ಅದೇ ಗ್ರಂಥವು ತ್ಯಾಜ್ಯವಾದ ಬಿಲ್ಲುಗಳನ್ನೂ ಹೇಳುತ್ತದೆ. ಅತಿಜೀರ್ಣ, ಅಪಕ್ವ, ಜ್ಞಾತಿಘೃಷ್ಟ, ದಗ್ಧ, ಛಿದ್ರ ಇವು ಅವುಗಳಲ್ಲಿ ಮುಖ್ಯವಾದವು. ಒಂದೊಂದಕ್ಕೂ ಒಂದೊಂದು ದುಷ್ಫಲವಿದೆ. ಫಲಗಳನ್ನು ಬದಿಗಿರಿಸಿ ದೋಷಗಳನ್ನಷ್ಟೇ ನೋಡಿದರೆ ಈ ಪಟ್ಟಿ ಬಿದಿರನ್ನು ಕೈಯಾರೆ ಬಲ್ಲವನದು ಎಂಬುದು ಸ್ಪಷ್ಟವಾಗುತ್ತದೆ. ಮೂರು ವರ್ಷ ತುಂಬದ ಬಿದಿರಿನಲ್ಲಿ ನೀರು ಹೆಚ್ಚು, ನಾರು ಎಳಸು. ಮುದಿ ಬಿದಿರು ಪೆಡಸು. ಗಾಳಿಗೆ ಒಂದಕ್ಕೊಂದು ಉಜ್ಜಿದ ಬಿದಿರಿನ ಹೊರಸಿಪ್ಪೆ ಸವೆದಿರುತ್ತದೆ. ನಾರು ಅತ್ಯಂತ ದಟ್ಟವಾಗಿರುವುದು ಆ ಸಿಪ್ಪೆಯ ಬಳಿಯಲ್ಲೇ ಆದುದರಿಂದ ಸೀಳು ಅಲ್ಲಿಂದಲೇ ಹುಟ್ಟುತ್ತದೆ. ಬಿದಿರಿನ ಪಿಷ್ಟವನ್ನು ಅರಸಿ ಬರುವ ಹುಳು ತೂತು ಕೊರೆಯುತ್ತದೆ.

ಇನ್ನು ಉಳಿದದ್ದು ದಗ್ಧ. ಬಿಲ್ಲು ಮಾಡುವವರು ಬಿದಿರಿಗೆ ಬೆಂಕಿ ತೋರಿಸದೆ ಇರುವುದಿಲ್ಲ. ಸೀಳಿ, ನೆರಳಲ್ಲಿ ಒಣಗಿಸಿದ ಪಟ್ಟಿಯನ್ನು ಉರಿಯ ಮೇಲಲ್ಲ, ಉರಿ ಇಳಿದ ಕೆಂಡದ ಮೇಲೆ ಆಡಿಸುತ್ತಾ ಕಾಸುತ್ತಾರೆ. ನೀರು ಆವಿಯಾಗುತ್ತದೆ, ಬಿಸಿ ಏರಿದಂತೆ ನಾರನ್ನು ಬೆಸೆದಿರುವ ಅಂಟು ಮೆದುವಾಗಿ, ವಕ್ರವಿದ್ದುದನ್ನು ನೇರವಾಗಿಸಲು, ನೇರವಿದ್ದುದನ್ನು ಬಾಗಿಸಲು ಬರುತ್ತದೆ. ಇನ್ನಷ್ಟು ಕಾದು ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಗಾಳಿಯ ತೇವವನ್ನು ಹೀರುವ ಅಂಶ ಕುಂದಿ ಬಿದಿರು ಬಿರುಸಾಗುತ್ತದೆ. ಬಣ್ಣ ಜೇನಿಗೆ ತಿರುಗುತ್ತದೆ. 200 ಡಿಗ್ರಿಯ ಮೇಲೆ ಬಿರುಸು ಉಳಿದರೂ ಕಸುವು ಹೋಗುತ್ತದೆ. ಅದು ಬಾಗದೆ ಮುರಿಯುತ್ತದೆ. ಬಿಲ್ಲುಗಾರನ ಕಡೆಗಿರುವ ಒಳಮೈ ಬಾಗುವಾಗ ಒತ್ತಲ್ಪಡುತ್ತದೆ, ಹೊರಮೈ ಎಳೆಯಲ್ಪಡುತ್ತದೆ. ಒತ್ತಡವನ್ನು ತಾಳಲು ಬಿರುಸು ನೆರವಾಗುತ್ತದೆ, ಎಳೆತಕ್ಕೆ ಅದೇ ಮಾರಕ. ಆದುದರಿಂದ ಒಳಮೈಯನ್ನು ಕಾಸಿ ಹೊರಮೈಯನ್ನು ಕಾಪಾಡುವುದು ಈ ಕಸುಬಿನ ಮರ್ಮ. ಜಪಾನಿನ ಯೂಮಿ ಬಿಲ್ಲಿನಲ್ಲಿಯೂ ಬೆಂಕಿಯಲ್ಲಿ ಕಪ್ಪಾಗಿಸಿದ ಬಿದಿರಿನ ಪಟ್ಟಿಗಳು ಒಡಲಿನೊಳಗೆ ಇರುತ್ತವೆಯೇ ಹೊರತು ಎಳೆತ ತಾಳುವ ಹೊರಮೈಯಲ್ಲಿ ಅಲ್ಲ.

ಹೀಗೆ ನೋಡಿದಾಗ 'ದಗ್ಧ' ಎಂಬ ನಿಷೇಧದ ಅರ್ಥ ಬೆಂಕಿ ಕೂಡದೆಂದಲ್ಲ, ಹದ ಮೀರಬಾರದೆಂದು. ಪಟ್ಟಿಯಲ್ಲಿ ಅಪಕ್ವವೂ ದಗ್ಧವೂ ಒಟ್ಟಿಗೆ ದೋಷಗಳಾಗಿ ನಿಂತಿರುವುದನ್ನು ಗಮನಿಸಬೇಕು. ಇವೆರಡರ ನಡುವಿನ ಇಕ್ಕಟ್ಟಾದ ಎಡೆಯೇ ಪಾಕ. ಎಲ್ಲಿ ನಿಲ್ಲಬಾರದೆಂದು ಪಟ್ಟಿ ಹೇಳುತ್ತದೆ. ಎಲ್ಲಿ ನಿಲ್ಲಬೇಕೆಂದು ಹೇಳುವುದಿಲ್ಲ. ಅದು ಕೆಂಡದ ಮುಂದೆ ಕುಳಿತವನ ಕಣ್ಣಿಗೂ ಬೆರಳಿಗೂ ಬಿಟ್ಟ ವಿಷಯ.

ಕಾವ್ಯಾಭ್ಯಾಸಿಗಳಿಗೆ ಇಲ್ಲಿ ಇನ್ನೊಂದು ಲಾಭವಿದೆ. ಸಂಸ್ಕೃತದಲ್ಲಿ ವಂಶವೆಂದರೆ ಬಿದಿರೂ ಹೌದು, ಕುಲವೂ ಹೌದು; ಗುಣವೆಂದರೆ ಹೆದೆಯೂ ಹೌದು, ಸದ್ಗುಣವೂ ಹೌದು. ಒಳ್ಳೆಯ ವಂಶದಲ್ಲಿ ಹುಟ್ಟಿ ಗುಣವನ್ನು ಪಡೆದು ಬಾಗುವ ಬಿಲ್ಲು ಶ್ಲೇಷಪ್ರಿಯ ಕವಿಗಳಿಗೆ ಸಿದ್ಧವಾಗಿ ಒದಗಿದ ಸಾಮಗ್ರಿ. ಆದರೆ ಜ್ಞಾತಿಘೃಷ್ಟವೆಂಬ ಮಾತು ಶ್ಲೇಷಕ್ಕಿಂತ ಆಳವಾದುದು. ತನ್ನ ದಾಯಾದಿಗಳೊಡನೆ ಉಜ್ಜಿದ ಬಿದಿರಿನ ಬಿಲ್ಲು ಬಂಧುಕಲಹವನ್ನು ತರುತ್ತದೆಂದು ಸಂಹಿತೆ ಹೇಳುತ್ತದೆ. ಇದನ್ನು ಓದುವ ಜೈನನಿಗೆ ಭರತ-ಬಾಹುಬಲಿಯರು ನೆನಪಾಗದೆ ಇರಲಾರರು. ಜಿನಸೇನರ ಸಂಸ್ಕೃತ ಆದಿಪುರಾಣದಲ್ಲಿಯೂ 941ರಲ್ಲಿ ಪಂಪನು ರಚಿಸಿದ ಕನ್ನಡ ಆದಿಪುರಾಣದಲ್ಲಿಯೂ ಈ ಒಂದೇ ವಂಶದ ಇಬ್ಬರು ಬಿಲ್ಲೆತ್ತಲಿಲ್ಲ. ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ತೀರ್ಮಾನ ಮಾಡಿಕೊಂಡು ಸೇನೆಗಳನ್ನು ಉಳಿಸಿದರು. ಗೆದ್ದ ಬಾಹುಬಲಿ ತಪಸ್ಸಿಗೆ ಹೋದನು. ತಪಸ್ಸೆಂಬುದೂ 'ಕಾಯು' ಎಂಬರ್ಥದ ಧಾತುವಿನಿಂದಲೇ ಬಂದ ಶಬ್ದ. ಮಾವು ಹಲಸುಗಳನ್ನು ಉಪಾಯದಿಂದ ಬೇಗ ಹಣ್ಣಾಗಿಸುವಂತೆ, ಕಾಲಕ್ಕೆ ಮೊದಲೇ ಕರ್ಮವನ್ನು ಪಕ್ವಗೊಳಿಸಿ ಕಳಚುವುದನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಅಲ್ಲಿಯೂ ಪ್ರಶ್ನೆ ಪಾಕದ್ದೇ.

ಆದರೆ ಈ ಹೋಲಿಕೆಯ ಹಿತದಲ್ಲಿ ಒಂದು ಕಷ್ಟವನ್ನು ಮರೆಯಬಾರದು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಆಯುಧವನ್ನೂ ಬೆಂಕಿಯನ್ನೂ ಇನ್ನೊಬ್ಬರಿಗೆ ಕೊಡುವುದನ್ನು ಹಿಂಸಾದಾನವೆಂದು ಒಟ್ಟಿಗೆ ಎಣಿಸುತ್ತದೆ. ಆದಿಪುರಾಣವಾದರೋ ಆದಿನಾಥನು ಪ್ರಜೆಗಳಿಗೆ ಕಲಿಸಿದ ಷಟ್ಕರ್ಮಗಳಲ್ಲಿ ಅಸಿಯನ್ನೂ ಶಿಲ್ಪವನ್ನೂ ಸೇರಿಸುತ್ತದೆ. ಬಿಲ್ಲು ಮಾಡುವವನು ಈ ಎರಡು ಮಾತುಗಳ ನಡುವೆ ನಿಂತಿದ್ದಾನೆ. ಅವನ ವಿದ್ಯೆಯನ್ನು ಉಪಮೆಗೆ ಬಳಸಿಕೊಂಡ ನಾವು ವಿದ್ಯೆಯನ್ನು ಬರೆದಿಡದೆ ಹೋದುದಕ್ಕೆ ಈ ಸಂಕೋಚವೂ ಒಂದು ಕಾರಣವಾಗಿರಬಹುದೆಂದು ನನಗೆ ತೋರುತ್ತದೆ. ಆ ಸಂಕೋಚ ಧರ್ಮದ ದೃಷ್ಟಿಯಿಂದ ಸರಿಯೇ ಇರಬಹುದು. ಚರಿತ್ರೆಯ ದೃಷ್ಟಿಯಿಂದ ಅದು ನಷ್ಟ.

ಇಂದು ಬಿಲ್ಲು ಕೊಲ್ಲುವ ಸಾಧನವಾಗಿ ಉಳಿದಿಲ್ಲ. ಭಾರತೀಯ ಸುತ್ತು ಎಂಬ ಸ್ಪರ್ಧೆಯಲ್ಲಿ ಬಿದಿರಿನ ಬಿಲ್ಲಿನಿಂದ ಗುರಿ ಹೊಡೆಯುತ್ತಾರೆ. ಹಿಂಸೆಯ ಅಂಶ ಕಳಚಿದ ಕುಶಲತೆಯೊಂದು ನಮ್ಮ ಮುಂದಿದೆ. ಹನ್ನೆರಡನೆಯ ಶತಮಾನದ ಮೇದರ ಕೇತಯ್ಯನು ಬಿದಿರಿನ ಕೆಲಸವನ್ನೇ ಕಾಯಕವಾಗಿ ಹಿಡಿದು ಶರಣರ ಸಾಲಿನಲ್ಲಿ ನಿಂತನು. ಅವನ ಕಸುಬಿನವರು ಇಂದಿಗೂ ನಮ್ಮ ಪೇಟೆಗಳಲ್ಲಿ ಬುಟ್ಟಿ, ಮೊರ, ಏಣಿ ಮಾರುತ್ತಿದ್ದಾರೆ. ಧನುರ್ವೇದವನ್ನು ಸಂಪಾದಿಸುವ ವಿದ್ಯಾರ್ಥಿಯು ದಗ್ಧವೆಂಬ ಶಬ್ದಕ್ಕೆ ಅರ್ಥ ಬರೆಯುವ ಮೊದಲು ನಿಘಂಟನ್ನು ನೋಡಿದ ಮೇಲೆ ಅವರ ಬಳಿಗೂ ಹೋಗಿ, ಬಿದಿರು ಯಾವಾಗ ಕಾದದ್ದು, ಯಾವಾಗ ಸುಟ್ಟದ್ದು ಎಂದು ಕೇಳಿ ತಿಳಿಯಬೇಕು. ಆ ಉತ್ತರ ಸಿಗುವವರೆಗೆ ಶಬ್ದದ ಅರ್ಥ ಅರ್ಧವೇ.