ಸೀಸೆಯ ಕಾವಲು

ಪಂದಲೂರಿನ ಗತವನ್ನು ಬರೆಯಹೊರಟವರು ಚಿನ್ನದಿಂದ ಆರಂಭಿಸುವುದು ವಾಡಿಕೆ. 1877ರಲ್ಲಿ ಮಲಬಾರಿನಿಂದ ಬೇರ್ಪಟ್ಟು ನೀಲಗಿರಿಗೆ ಸೇರಿದ ಈ ಆಗ್ನೇಯ ವೈನಾಡಿನ ಗುಡ್ಡಗಳಲ್ಲಿ, ಲಂಡನ್ನಿನ ಬಂಡವಾಳದಿಂದ ಹುಟ್ಟಿದ ಕಂಪೆನಿಗಳು 1880ರ ಆಸುಪಾಸಿನಲ್ಲಿ ಸುರಂಗ ತೋಡಿ, ಕೆಲವೇ ವರ್ಷಗಳಲ್ಲಿ ಕೈಸುಟ್ಟುಕೊಂಡು ಕಾಲ್ತೆಗೆದ ಕಥೆ ಸ್ವಾರಸ್ಯವಾದುದೇ ಸರಿ. ಆದರೆ ಮಲೆಜ್ವರದಿಂದ ನಡುಗುತ್ತ ಮಲಗಿದ ಕೂಲಿಯಾಳು ಕಳೆದುಕೊಂಡ ದಿನಗಳ ಲೆಕ್ಕ ಆ ಕಥೆಯಲ್ಲಿ ಬರುವುದೇ ಇಲ್ಲ. ಕಾಯಿಲೆಯ ಭಾರವನ್ನು ಕಾಯಿಲೆಯವನ ಮನೆಯೇ ಹೊರಬೇಕೆಂಬ ಅಲಿಖಿತ ಕರಾರು ಚಿನ್ನದೊಡನೆ ತೊಲಗದೆ ಅನಂತರದ ಚಹದ ತೋಟಗಳೊಡನೆ ಉಳಿದುಕೊಂಡಿತು.

ಆ ಭಾರವನ್ನು ಅಳೆಯಲು ಗ್ಲೂಕೋಸಿನ ಸೀಸೆ ಒಳ್ಳೆಯ ಮಾನದಂಡ. ಸಿರೆಯೊಳಕ್ಕೆ ಉಪ್ಪುನೀರನ್ನು ಹರಿಸಿ ಕಾಲರಾ ರೋಗಿಗಳನ್ನು ಉಳಿಸಬಹುದೆಂದು ಸ್ಕಾಟ್ಲೆಂಡಿನ ಥಾಮಸ್ ಲಟ್ಟಾ 1832ರಲ್ಲೇ ತೋರಿಸಿದ್ದನಾದರೂ, ನೀರಿನಿಂದ ಅನ್ನಕ್ಕೆ, ಅಂದರೆ ಸಿರೆಯ ಮೂಲಕವೇ ಪೂರ್ಣ ಆಹಾರವನ್ನು ಉಣಿಸುವ ಹಂತಕ್ಕೆ ಬರಲು ವೈದ್ಯಶಾಸ್ತ್ರಕ್ಕೆ ನೂರಮೂವತ್ತು ವರ್ಷಗಳಿಗೂ ಮಿಗಿಲಾದ ಕಾಲ ಬೇಕಾಯಿತು. ಗಾಢವಾದ ಸಕ್ಕರೆಯ ದ್ರಾವಣವು ಕೈಯ ಸಣ್ಣ ಸಿರೆಯನ್ನು ಸುಡುತ್ತದೆಯಾದುದರಿಂದ, ರಕ್ತಪ್ರವಾಹ ವಿಪುಲವಾಗಿರುವ ಹೃದಯಸಮೀಪದ ಮಹಾಸಿರೆಗೇ ನಳಿಕೆಯನ್ನು ಮುಟ್ಟಿಸುವ ಕ್ರಮವನ್ನು ಫಿಲಡೆಲ್ಫಿಯಾದಲ್ಲಿ ಸ್ಟಾನ್ಲಿ ಡಡ್ರಿಕ್ ಮತ್ತು ಅವರ ಸಂಗಡಿಗರು ಮೊದಲು ನಾಯಿಮರಿಗಳಲ್ಲಿ, ಅನಂತರ ಮನುಷ್ಯರಲ್ಲಿ, 1960ರ ದಶಕದ ಕೊನೆಯಲ್ಲಿ ಸಾಧಿಸಿದರು. 1970ರ ವೇಳೆಗೆ ಸಿಯಾಟಲ್ಲಿನ ಬೆಲ್ಡಿಂಗ್ ಸ್ಕ್ರಿಬ್ನರ್ ಅದನ್ನು ರೋಗಿಯ ಮನೆಗೇ ಕೊಂಡೊಯ್ಯುವ ಯೋಚನೆಯನ್ನು ಮುಂದಿಟ್ಟರು. ಯೋಚನೆ ಉದಾರವಾದುದು, ಆದರೆ ಅದರ ಹಿಂದೆ ಒಂದು ಬಗೆಯ ಮನೆಯ ಕಲ್ಪನೆಯೂ ಅಡಗಿತ್ತು. ಶೀತಪೆಟ್ಟಿಗೆ, ಕಡಿಯದ ವಿದ್ಯುತ್ತು, ಶುದ್ಧವಾದ ನೀರು, ರಾತ್ರಿಯಿಡೀ ಹರಿಯುವ ಆಹಾರವನ್ನು ಕಾಯಲು ಬಿಡುವುಳ್ಳ ಒಂದು ಜೊತೆ ಕೈ ಇವಿಷ್ಟೂ ಇರುವ ಮನೆ ಅದು. ಕೈ ತೊಳೆಯುವುದರಲ್ಲಿ ಒಂದು ಸಲ ತಪ್ಪಿದರೂ ನಂಜು ನೇರವಾಗಿ ರಕ್ತಕ್ಕೆ ಇಳಿಯಬಹುದು. ತೋಟದ ಕೂಲಿಗಳ ಎರಡು ಕೋಣೆಯ ಲೈನುಮನೆಯನ್ನು ಈ ಕಲ್ಪನೆಯ ಪಕ್ಕದಲ್ಲಿ ನಿಲ್ಲಿಸಿದರೆ ಸೀಸೆಯ ಬೆಲೆ ಅತ್ಯಲ್ಪವೆನಿಸುತ್ತದೆ.

ಈ ಸೀಮೆಯ ಸೀಸೆ ಅನ್ನದ್ದಲ್ಲ, ನೀರಿನದು. 1952ರಲ್ಲಿ ಸಂಶೋಧಕರಾದ ಲೇಮನ್ ಮತ್ತು ಕಟ್‌ಬುಷ್ ನೀಲಗಿರಿಯ ಬುಡಕಟ್ಟು ಜನರ ರಕ್ತದಲ್ಲಿ ಗುರುತಿಸಿದ ಕುಡುಗೋಲು ಕಣದ ದೋಷವು ತಂದೆತಾಯಿಯರಿಬ್ಬರಿಂದಲೂ ಮಗುವಿಗೆ ಬಂದಾಗ ವ್ಯಾಧಿಯಾಗುತ್ತದೆ; ಚಳಿಗೋ ಬಾಯಾರಿಕೆಗೋ ರಕ್ತಕಣಗಳು ಬಾಗಿ ಸಣ್ಣ ನಾಳಗಳನ್ನು ಕಟ್ಟಿ, ಮೂಳೆ ಮುರಿಯುವಂಥ ನೋವು ಬರುತ್ತದೆ. ಮಳೆಯೂ ಚಳಿಯೂ ಒಟ್ಟಿಗೆ ಕೂಡುವ ಪಂದಲೂರಿಗಿಂತ ಇದಕ್ಕೆ ಕ್ರೂರವಾದ ಹವೆ ಬೇಕೆ? ನೋವೆದ್ದಾಗ ನೀರನ್ನು ಕುಡಿಯಲಾಗದವನಿಗೆ ಸಿರೆಯ ಮೂಲಕವೇ ಕೊಡಬೇಕಾಗುತ್ತದೆ, ಅದಕ್ಕಾಗಿ ಘಟ್ಟದ ತಿರುವುಗಳನ್ನು ದಾಟಿ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಮಲಗಿದವನು ಒಬ್ಬ, ಕೂಲಿ ಕಳೆದುಕೊಳ್ಳುವವರು ಇಬ್ಬರು.

ಹಳೆಯ ಕರಾರನ್ನು ಮುರಿಯುವ ಯತ್ನ ನೆರೆಯ ಗೂಡಲೂರಿನಿಂದ ಬಂತು. ಪಣಿಯ, ಬೆಟ್ಟಕುರುಂಬ, ಮುಳ್ಳುಕುರುಂಬ, ಕಾಟ್ಟುನಾಯಕರು ಕೂಡಿದ ಆದಿವಾಸಿ ಮುನ್ನೇಟ್ರ ಸಂಗಮದ ಬೆನ್ನಿಗೆ 1990ರಲ್ಲಿ ಆದಿವಾಸಿ ಆಸ್ಪತ್ರೆ ಹುಟ್ಟಿತು. ತಲೆಗಿಷ್ಟು ಎಂದು ಕೂಡಿಟ್ಟು ಆಸ್ಪತ್ರೆಯ ವೆಚ್ಚವನ್ನು ಎಲ್ಲರೂ ಹಂಚಿಕೊಳ್ಳುವ ವಿಮೆ 1992ರಲ್ಲಿ ನಡೆಗೆ ಬಂತು, ಅಂದರೆ ಕರ್ನಾಟಕದ ಯಶಸ್ವಿನಿ ಯೋಜನೆಗೆ ಒಂದು ದಶಕ ಮೊದಲೇ. ಆರ್ಥಿಕತಜ್ಞರು ಇದನ್ನು ಸಣ್ಣ ಪ್ರಯೋಗವೆಂದಾರು. ಈ ಬೆಟ್ಟಗಳಲ್ಲಿ ನಡೆದ ಬಂಡವಾಳಹೂಡಿಕೆಗಳಲ್ಲಿ ಚಿನ್ನದ್ದಕ್ಕಿಂತ ಇದನ್ನೇ ನಾನು ದೊಡ್ಡದೆನ್ನುತ್ತೇನೆ.

ಈಗ ಕಾಲಚಕ್ರ ಮನೆಯತ್ತ ತಿರುಗಿದೆ. ತಮಿಳುನಾಡು ಸರ್ಕಾರ 2021ರ ಆಗಸ್ಟಿನಲ್ಲಿ ಆರಂಭಿಸಿದ 'ಮಕ್ಕಳೈ ತೇಡಿ ಮರುತ್ತುವಂ' (ಜನರನ್ನು ಅರಸಿ ಬರುವ ವೈದ್ಯಸೇವೆ) ಯೋಜನೆಯಲ್ಲಿ ಮಾತ್ರೆಗಳಷ್ಟೇ ಅಲ್ಲ, ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್ಸಿನ ದ್ರವದ ಚೀಲಗಳೂ ರೋಗಿಯ ಬಾಗಿಲಿಗೆ ಬರುತ್ತವೆ. ಚೀಲಕ್ಕೆ ಹಣ ಕೊಡಬೇಕಾದುದಿಲ್ಲ. ಅದನ್ನು ದಿನಕ್ಕೆ ಹಲವು ಬಾರಿ ಬದಲಿಸುವ ಮುನ್ನ ಕೈ ತೊಳೆಯಲು ನೀರು ಹೊತ್ತು ತರುವವಳು, ಎಲೆ ಕೀಳಲು ಹೋಗದೆ ಉಳಿದ ಮನೆಯ ಹೆಂಗಸು.